ಬಿಸಿಲಿನ ಕೆಲಸ ಮಾಡುವ ಮಷಿನ್

ಬಟ್ಟೆ ಒಣಗಿಸಲು ಕರೆಂಟು ಸುಡುತ್ತಾರೆಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ನಮ್ಮ ಕಲಬುರಗಿ ಸೀಮೆಯಲ್ಲಿ ಸೀರೆಯ ಒಂದು ತುದಿ ಹರವಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಮೊದಲಿನದು ಒಣಗಿರುತ್ತದೆ. ತುಮಕೂರಿನ ಈ ಲಾಂಡ್ರಿಯಲ್ಲಿ ಆಳೆತ್ತರದ ಡ್ರೈಯರ್ ಇದೆ. ಆಸ್ಪತ್ರೆಯ ಹಾಸುಬಟ್ಟೆ, ಯಡಿಯೂರಿನ ಲಾಡ್ಜುಗಳ ಚಾದರ ಎಲ್ಲ ಅದರೊಳಗೆ ತಿರುಗಿ ತಿರುಗಿ ಒಣಗುತ್ತವೆ. ಬಿಸಿಲಿಗೆ ಬದಲಿ ಆಳು ಇಟ್ಟಿದ್ದಾರಲ್ಲ ಎಂದುಕೊಂಡೆ.

ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇಲ್ಲಿಗೆ ಬಂದೆ. ಲಾಂಡ್ರಿಯ ಹಿಂದಿನ ಕೋಣೆಯೇ ಮನೆ. ರೊಟ್ಟಿ ಬಡಿಯುವ ಈ ಕೈಗೆ ಮುದ್ದೆ ಕಟ್ಟುವುದನ್ನೂ, ಅದನ್ನು ಅಗಿಯದೆ ನುಂಗುವುದನ್ನೂ ಕಲಿಸಿದವಳು ಜೊತೆಗೆ ದುಡಿಯುವ ಗುಬ್ಬಿಯ ಗಂಗಕ್ಕ. ಆದರೂ ಸಂಜೆ ಕೋಣೆ ಸೇರಿದರೆ ಮಾತಿಗೆ ಜನವಿಲ್ಲ. ಡ್ರೈಯರಿನ ಗಾಳಿ ಹೊರಹೋಗುವ ಕೊಳವೆ ನನ್ನ ಕಿಟಕಿಯ ಪಕ್ಕದಲ್ಲೇ ಬಾಯಿ ತೆರೆದಿದೆ. ಬಟ್ಟೆಯ ಜುಂಜು, ನೂಲಿನ ಧೂಳು, ಹಾರಿ ಬಂದು ಊಟದ ತಟ್ಟೆಯಲ್ಲಿ ಕೂರುತ್ತಿತ್ತು. ಗಂಗಕ್ಕನ ಮುಂದೆ ಒಮ್ಮೆ ಅದನ್ನು ಹೇಳಿ ಮರೆತಿದ್ದೆ.

ಮೊನ್ನೆ ಮಷಿನ್ ಕೈಕೊಟ್ಟಿತು. ಸ್ವಲ್ಪ ಹೊತ್ತು ಬಿಸಿ, ಆಮೇಲೆ ತಣ್ಣಗೆ. ಚಾದರಗಳು ಹಸಿಯಾಗಿಯೇ ಹೊರಬಂದವು. ಮಾಲೀಕರಾದ ಶಿವಣ್ಣನವರು ಸಿಡುಕಿದರು.

"ಹೀಟರ್ ಹೋಗಿರ್ಬೇಕು. ಇಷ್ಟು ವರ್ಷ ಇಲ್ದಿದ್ದು ನೀನ್ ಬಂದ್ಮೇಲೆ ಆಯ್ತಲ್ಲಮ್ಮ. ಬಟ್ಟೆ ತುರುಕಿ ತುರುಕಿ ಸುಟ್ಟಿದೀಯ. ಹಿಂಗಾದ್ರೆ ಬೇರೆ ಕಡೆ ನೋಡ್ಕೊ."

ಬೇರೆ ಕಡೆ ಎಂದರೆ ಕೆಲಸವೂ ಇಲ್ಲ, ಕೋಣೆಯೂ ಇಲ್ಲ. ನಾನೇ ರಿಪೇರಿಯವರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು: ಹೀಟರ್ ಸುಟ್ಟಿದ್ದರೆ ಸ್ವಲ್ಪವೂ ಬಿಸಿಯಾಗುತ್ತಿರಲಿಲ್ಲ, ಗಾಳಿಗೆ ದಾರಿಯಿಲ್ಲದಿದ್ದರೆ ಒಳಗೆ ಕಾವು ಹೆಚ್ಚಿ ಹೀಟರ್ ತಾನೇ ಆಫ್ ಆಗುತ್ತದೆ, ಜುಂಜು ಹಿಡಿಯುವ ಜಾಲರಿ ನೋಡಿ, ಕೊಳವೆ ನೋಡಿ. ಜಾಲರಿ ಚೊಕ್ಕವಾಗಿತ್ತು. ಹಿತ್ತಲಿಗೆ ಹೋಗಿ ಕೊಳವೆಯ ಬಾಯಿಗೆ ಅಂಗೈ ಹಿಡಿದೆ; ಶಿವಣ್ಣನವರೂ ಗಂಗಕ್ಕನೂ ಹಿಂದೆಯೇ ಬಂದರು.

"ಗಾಳಿನೇ ಬರವಲ್ದು ನೋಡ್ರಿ," ಎಂದೆ.

ಮಷಿನ್ ನಿಲ್ಲಿಸಿ, ಕೊಳವೆಗೆ ಕೈ ಹಾಕಿ ಎಳೆದೆ. ಜುಂಜು ಮೆತ್ತಿದ ಹಸಿರು ಬಟ್ಟೆಯ ಉಂಡೆ ಬಂತು. ಹಿಂದೆ ನಿಂತಿದ್ದ ಗಂಗಕ್ಕ ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ ಶಿವನೇ, ಅದು ನನ್ ಸೀರೆ ಕಣಣ್ಣೋ! ಈ ಹುಡುಗಿ ತಟ್ಟೆಗೆಲ್ಲ ಧೂಳು ಬೀಳುತ್ತೆ ಅಂದ್ಳು. ನಮ್ಮನೇಲಿ ಇಲಿ ಬರೋ ತೂತಿಗೆ ತುರ್ಕೋ ಹಂಗೆ ಅರ್ಧ ಹರ್ದು ತುರುಕ್ದೆ. ಬೈಯೋದಾದ್ರೆ ನನ್ನ ಬೈಯಿ, ಅವಳನ್ನ ಬುಡು."

ಶಿವಣ್ಣನವರು ಬಟ್ಟೆಯನ್ನೂ ನನ್ನನ್ನೂ ನೋಡಿದರು. "ಬೆಂಕಿ ಹತ್ಕೊಂಡಿದ್ರೆ ಏನ್ ಗತಿ ಗಂಗಮ್ಮ?" ಎಂದರು, ದನಿ ತಗ್ಗಿಸಿ. ಆಮೇಲೆ ನನ್ನ ಕಡೆ ತಿರುಗಿ, "ಕೊಳವೆ ಮೇಲಕ್ಕೆ ತಿರುಗಿಸ್ಕೊಡ್ತೀನಿ. ಹೋಗು, ಚಾದರ ಹಾಕು," ಎಂದು ಒಳಗೆ ಹೋದರು. ಮಷಿನಿನ ಕಾವು ಇಳಿದ ಮೇಲೆ ಹಾಕಿದ ಚಾದರಗಳು ಗರಿಗರಿಯಾಗಿ ಬಂದವು. ಅವುಗಳಲ್ಲೊಂದಕ್ಕೆ ಮುಖ ಒತ್ತಿ ಅತ್ತುಬಿಟ್ಟೆ.

ಆ ಹಸಿರು ತುಂಡನ್ನು ಒಗೆದು ಕಿಟಕಿಗೆ ಕಟ್ಟಿದ್ದೇನೆ. ಊರಿನಿಂದ ನಮ್ಮಕ್ಕ ಫೋನಿನಲ್ಲಿ ಕೇಳುತ್ತಾಳೆ: "ಊರಿಗಿ ಯಾವಾಗ ಬರ್ತಿ?" ಮೊದಲು ತಕ್ಷಣ, ಬೇಗ ಬರುತ್ತೇನೆ ಎನ್ನುತ್ತಿದ್ದೆ. ಈಗ ಗಂಗಕ್ಕನ ಸುದ್ದಿ ಎತ್ತುತ್ತೇನೆ. ಊರಿನ ಬಿಸಿಲು ನೆನೆದರೆ ಇಂದೇ ಹೊರಡಬೇಕೆನಿಸುತ್ತದೆ. ಆದರೆ ಗಂಡ ಹೋದ ಮೇಲೆ, ನನ್ನ ತಟ್ಟೆಗೆ ಧೂಳು ಬಿತ್ತೇ ಎಂದು ಅಲ್ಲಿ ಯಾರೂ ನೋಡಿರಲಿಲ್ಲ.