ಭಾವನ ದನಿಗೆ ಅಕ್ಕನ ಕಾವಲು

ನಮ್ಮಕ್ಕನಷ್ಟು ಅನುಮಾನದ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ. ಇದನ್ನು ಅವಳ ಮುಖದ ಮೇಲೇ ನೂರು ಸಲ ಹೇಳಿದ್ದೇನೆ, ಹಾಗಾಗಿ ಇಲ್ಲಿ ಬರೆಯಲು ಹೆದರಿಕೆಯೇನಿಲ್ಲ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು. ಯಾರಾದರೂ ಒಂದು ನಂಬರು ಹೇಳಿದರೆ ಅದನ್ನು ತಿರುಗಿ ಅವರಿಗೇ ಒಪ್ಪಿಸಿ, ಹೌದು ಅನ್ನಿಸಿಕೊಂಡ ಮೇಲೆಯೇ ಮುಂದಿನ ಕೆಲಸ. ಮನೆಯಲ್ಲೂ ಅದೇ ಚಾಳಿ. ಅರ್ಧ ಲೀಟರ್ ಹಾಲು ತಾ ಅಂತ ಕಳಿಸುವಾಗ ನನ್ನ ಬಾಯಿಂದ ಅರ್ಧ ಲೀಟರ್ ಅನ್ನಿಸಿಯೇ ಬಾಗಿಲು ತೆಗೆಯುತ್ತಿದ್ದಳು. ನಾನೋ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವನು, ಮೂಗಿನ ತುದಿಯಲ್ಲೇ ಸಿಟ್ಟು. ನಾವಿಬ್ಬರೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದು ಹೇಗೆ ಅಂತ ಭಾವ ನಗುತ್ತಿದ್ದರು.

ಭಾವ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರು. ಪೆನ್ಸಿಲಿನ ಮೊನೆಯನ್ನು ಹತ್ತು ನಿಮಿಷ ಚೂಪು ಮಾಡಿ ಒಂದು ಗೆರೆ ಎಳೆಯುವ ಜಾತಿ. ಸಿಗರೇಟು ಮಾತ್ರ ಒಂದರ ಬೆನ್ನಿಗೊಂದು. ಐವತ್ತು ದಾಟಿದ ವರ್ಷ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಜೀವ ಉಳಿಸಿದರು, ದನಿಪೆಟ್ಟಿಗೆ ತೆಗೆದುಹಾಕಿದರು. ಅಲ್ಲಿಂದಾಚೆ ಅವರ ಮಾತೆಲ್ಲ ಮಕ್ಕಳು ಆಡುವ ಒಂದು ಸ್ಲೇಟಿನ ಮೇಲೆ. ಬರೆಯುವುದು, ನಮಗೆ ತೋರಿಸುವುದು, ಮೇಲಿನ ಹಾಳೆ ಎತ್ತುವುದು, ಅಕ್ಷರ ಮಾಯ. ಅಕ್ಕನಿಗೂ ನನಗೂ ಅದು ಬೇಗ ರೂಢಿಯಾಯಿತು. ರೂಢಿಯಾಗದೆ ಉಳಿದವರು ಒಬ್ಬರೇ, ಭಾವನ ಅಮ್ಮ. ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತಿದ್ದೆ. ಅತ್ತೆಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ.

ಯೋಚಿಸಿ ನೋಡಿ. ಮಗನಿಗೆ ಬಾಯಿಲ್ಲ, ತಾಯಿಗೆ ಕಣ್ಣಿಲ್ಲ, ಇಬ್ಬರೂ ಒಂದೇ ಸೂರಿನಡಿ. ಮಗ ಬಂದು ಕೈ ಹಿಡಿದುಕೊಂಡು ಕೂರುತ್ತಿದ್ದರು. ಅತ್ತೆ ಏನೇನೋ ಕೇಳುತ್ತಿದ್ದರು. ಭಾವ ಅಂಗೈ ಒತ್ತುತ್ತಿದ್ದರು, ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ಅಷ್ಟರಲ್ಲಿ ಮುಗಿಯುವ ಮಾತೇ ಅದು? ಆಗ ಕಾರ್ಖಾನೆಯವರೊಬ್ಬರು ಮಾರಲಿಟ್ಟಿದ್ದ ಹಳೆಯ ಮನೆಬಳಕೆಯ ಕಂಪ್ಯೂಟರನ್ನು ಭಾವ ಹೊತ್ತುಕೊಂಡು ಬಂದರು. ಕೀಲಿಮಣೆಯೊಳಗೇ ಇಡೀ ಯಂತ್ರ, ತೋರಿಸಲು ಮನೆಯ ಟೀವಿ. ಅಕ್ಷರ ಒತ್ತಿದರೆ ಅದು ಗಟ್ಟಿಯಾಗಿ ಓದುತ್ತಿತ್ತು. ಬೇರೆ ಯಾವುದೋ ಭಾಷೆಗೆ ಮಾಡಿದ ದನಿ ಅದು, ನಮ್ಮ ಮಾತು ಅದರ ಬಾಯಲ್ಲಿ ಹೊರಳುತ್ತಲೇ ಇರಲಿಲ್ಲ. ಭಾವ ಎರಡು ವರ್ಷ ಒಂದೊಂದೇ ಸದ್ದನ್ನು ತಿದ್ದಿದರು. 'ಅಮ್ಮ' ಅನ್ನುವ ಒಂದು ಮಾತಿಗೆ ಮೂರು ವಾರ ಹಿಡಿಯಿತು. 'ಳ' ಮಾತ್ರ ಕೊನೆಗೂ ಬಗ್ಗಲಿಲ್ಲ. ಬೆಲಗ್ಗೆ, ಮಲೆ, ಕಾಲು ನೋವಿಗೆ ಎಣ್ಣೆ ತರಲು ನಾಲೆ ಹೋಗ್ತೀನಿ, ಹೀಗೇ ಉಲಿಯುತ್ತಿತ್ತು. ಇಷ್ಟು ದೊಡ್ಡವನಾದರೂ ನಿನಗೆ ನಾಲಿಗೆ ತಿರುಗಲ್ವಲ್ಲೋ ಅಂತ ಅತ್ತೆ ಆ ಪೆಟ್ಟಿಗೆಗೆ ಪಾಠ ಹೇಳುತ್ತಿದ್ದರು. ಭಾವ ಭುಜ ಕುಣಿಸಿ ನಗುತ್ತಿದ್ದರು, ಸದ್ದಿಲ್ಲದೆ.

ಆ ದನಿ, ತಿದ್ದಿದ ಮಾತುಗಳು, ಉಳಿಸಿಟ್ಟ ನೂರಾರು ವಾಕ್ಯಗಳು, ಎಲ್ಲ ಇದ್ದದ್ದು ಅಂಗೈಯಗಲದ ಒಂದು ಫ್ಲಾಪಿಯಲ್ಲಿ. ಅದಕ್ಕೊಂದು ನಕಲು. ಡಿಸ್ಕು ಹಾಕಿದ ತಕ್ಷಣ ಕಾಯಿಸದೆ ಮಾತಾಡಬೇಕು ಅಂತ ಅದರ ಮೊದಲ ತುಣುಕನ್ನು, ಅಂದರೆ ಯಂತ್ರ ಎಲ್ಲಕ್ಕಿಂತ ಮುಂಚೆ ಓದುವ ಜಾಗವನ್ನು, ಭಾವ ತಾವೇ ಬರೆದಿದ್ದರು. ಆ ಕಾಲದ ವೈರಸ್ಸುಗಳು ಬಂದು ಕೂರುತ್ತಿದ್ದದ್ದೂ ಸರಿಯಾಗಿ ಅದೇ ಜಾಗದಲ್ಲಿ. ಇದು ಗೊತ್ತಾದ ದಿನದಿಂದ ನಮ್ಮಕ್ಕ ಕಾವಲಿಗೆ ನಿಂತಳು.

ಯಾವುದೋ ಪತ್ರಿಕೆಯ ಜೊತೆ ಬಂದಿದ್ದ ಫ್ಲಾಪಿಯಲ್ಲಿ ಒಂದು ಪುಟಾಣಿ ವೈರಸ್ ತಪಾಸಣೆಯ ಪ್ರೋಗ್ರಾಂ ಸಿಕ್ಕಿತು. ಟೀವಿಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಹಿಡಿದು ಕೂರುತ್ತಿತ್ತು. ಯಾವ ಫ್ಲಾಪಿ ಹಾಕಿದರೂ ಮೊದಲ ತುಣುಕನ್ನು ಮೂಸಿ ನೋಡಿ ಸರಿ, ರೋಗ, ಇಲ್ಲವೇ ಗೊತ್ತಿಲ್ಲ, ಹೀಗೆ ಮೂರರಲ್ಲಿ ಒಂದು ಹೇಳುವುದು. ಭಾವನ ಡಿಸ್ಕಿಗೆ ಪ್ರತಿ ಸಲವೂ ಗೊತ್ತಿಲ್ಲ, ಅಳಿಸಲೇ ಅಂತ ಕೇಳುತ್ತಿತ್ತು, ಅಕ್ಕ ಪ್ರತಿ ಸಲವೂ ಬೇಡ ಒತ್ತುತ್ತಿದ್ದಳು. ಹೊರಗಿನಿಂದ ಬಂದ ಫ್ಲಾಪಿ ಅವಳ ಕೈ ದಾಟದೆ ಯಂತ್ರಕ್ಕೆ ಹೋಗುವಂತಿಲ್ಲ. ಒಂದು ಡಿಸ್ಕು ತೆಗೆದು ಇನ್ನೊಂದು ಹಾಕುವ ಮುನ್ನ ಸ್ವಿಚ್ಚು ಆರಿಸಿ ಮೂವತ್ತು ಎಣಿಸಬೇಕು, ಏಕೆಂದರೆ ಆರಿಸದಿದ್ದರೆ ವೈರಸ್ಸು ಯಂತ್ರದ ನೆನಪಿನಲ್ಲೇ ಕಾದು ಕೂತಿರುತ್ತದಂತೆ. ಗಟ್ಟಿಯಾಗಿ ಎಣಿಸಬೇಕು, ಹದಿನೆಂಟಕ್ಕೆ ಮೂವತ್ತು ಅಂದರೆ ಮತ್ತೆ ಒಂದರಿಂದ. ಬೀದಿಯಲ್ಲಿ ಕಂಪ್ಯೂಟರ್ ಇದ್ದ ಇನ್ನೆರಡು ಮನೆಯವರೂ ಹೊಸ ಫ್ಲಾಪಿ ಬಂದರೆ ನಮ್ಮಕ್ಕನಿಗೆ ತೋರಿಸಿಕೊಂಡು ಹೋಗುತ್ತಿದ್ದರು. ಹೋಗಮ್ಮ, ನೀನೊಂದು ಬೋರ್ಡು ಹಾಕ್ಕೊಂಡು ಆಸ್ಪತ್ರೆ ಇಡು ಅಂತ ನಾನು ಗೇಲಿ ಮಾಡುತ್ತಿದ್ದೆ.

ಗೇಲಿ ಮಾಡಿದವನೇ ಮನೆ ಹಾಳು ಮಾಡಿದೆ.

ಅದರ ಹಿಂದಿನ ಸಂಜೆ ಅತ್ತೆಗೆ ಮೊಣಕಾಲು ನೋವು ಜೋರಾಗಿತ್ತು. ಪೆಟ್ಟಿಗೆ ಏನೋ ಕೇಳಿದಾಗ, ಸಾಕು ಮಾಡು ಆ ತಗಡಿನ ದನಿ, ತಲೆ ಚಿಟ್ಟು ಹಿಡೀತು ಅಂತ ಗದರಿದ್ದರು. ಭಾವ ಯಂತ್ರ ಆರಿಸಿ ಮಲಗಿದರು. ಮರುದಿನ ಅವರು ತಪಾಸಣೆಗೆ ಆಸ್ಪತ್ರೆಗೆ, ಅಕ್ಕ ಡ್ಯೂಟಿಗೆ. ಅತ್ತೆಯನ್ನು ನೋಡಿಕೊಳ್ಳಲು ನಾನು. ಅವರು ಮಲಗಿದ್ದರು, ನನಗೆ ಹೊತ್ತು ಹೋಗಲಿಲ್ಲ. ವರ್ಕ್‌ಷಾಪಿನಲ್ಲಿ ಒಬ್ಬ ಕೊಟ್ಟಿದ್ದ ಕಾರ್ ರೇಸಿನ ಫ್ಲಾಪಿ ಜೇಬಿನಲ್ಲಿತ್ತು. ಒಂದಾಟ ಆಡಿದರೆ ಯಾರ ಗಂಟು ಹೋಗುತ್ತೆ? ತಪಾಸಣೆ ಗಿಪಾಸಣೆ ಬಿಟ್ಟು ಹಾಕಿದೆ. ಚೆನ್ನಾಗಿಯೇ ಓಡಿತು.

ಅಷ್ಟರಲ್ಲಿ ಅತ್ತೆ ಎದ್ದರು. ನಿನ್ನೆ ಸುಮ್ಮನೆ ಬೈದುಬಿಟ್ಟೆ, ಅವನು ಬರೋದರೊಳಗೆ ಒಂದ್ಸಲ ಅವನ ದನಿ ಹಾಕಪ್ಪ, ಕೇಳಬೇಕು ಅನ್ನಿಸ್ತಿದೆ ಅಂದರು. ಭಾವನ ಫ್ಲಾಪಿ ತೆಗೆದೆ. ಮೂಲೆಯಲ್ಲಿ ಸಣ್ಣ ಕಿಂಡಿ, ಅದಕ್ಕೊಂದು ಜಾರುವ ಮುಚ್ಚಳ. ಕಿಂಡಿ ತೆರೆದಿತ್ತು. ಅಯ್ಯೋ, ತೆರೆದು ಬಿಟ್ಟಿದ್ದಾರಲ್ಲ, ಏನಾದರೂ ಒಳಗೆ ಹೋದರೆ ಅಂತ ನಾನೇ ಮುಚ್ಚಿದೆ. ಜೋಪಾನ ಮಾಡಿದೆ ಅಂದುಕೊಂಡೆ. ಆ ಫ್ಲಾಪಿಗಳ ರೀತಿ ಉಲ್ಟಾ ಅಂತ ನನಗೇನು ಗೊತ್ತು? ಕಿಂಡಿ ತೆರೆದಿದ್ದರೆ ಬೀಗ ಹಾಕಿದೆ ಅಂತ, ಯಾರೂ ಏನೂ ಬರೆಯಲಾಗದು. ಮುಚ್ಚಿದರೆ ಬಾಗಿಲು ಹಾರು ಹೊಡೆದ ಹಾಗೆ. ಸ್ವಿಚ್ಚು ಆರಿಸಲಿಲ್ಲ, ಎಣಿಸಲಿಲ್ಲ. ಮೂರು ಕೀಲಿ ಒಟ್ಟಿಗೆ ಒತ್ತಿ ಯಂತ್ರವನ್ನು ಮತ್ತೆ ಶುರು ಮಾಡಿದೆ. ಟೀವಿ ಕಪ್ಪಾಯಿತು, ಕಪ್ಪಾಗಿಯೇ ಉಳಿಯಿತು. ಹೆದರಿ ನಕಲು ಡಿಸ್ಕನ್ನು ತೆಗೆದೆ. ಅದರ ಕಿಂಡಿಯನ್ನೂ ಜೋಪಾನವಾಗಿ ಮುಚ್ಚಿ ಹಾಕಿದೆ. ಅದೂ ಕಪ್ಪು.

"ಏನಪ್ಪ, ಮಾತಾಡಲ್ವಂತಾ?" ಅಂದರು ಅತ್ತೆ.

ಎರಡು ಗಂಟೆಗೆ ಅಕ್ಕ ಬಂದಳು. ನನ್ನ ಮುಖ ನೋಡಿಯೇ ಚಪ್ಪಲಿಯಲ್ಲೇ ಒಳಗೆ ಬಂದಳು. ಯಂತ್ರ ಆರಿಸಿ ಮೂವತ್ತು ಎಣಿಸಿ, ಬೀಗ ಹಾಕಿಟ್ಟಿದ್ದ ತನ್ನ ತಪಾಸಣೆಯ ಡಿಸ್ಕಿನಿಂದ ಶುರು ಮಾಡಿದಳು. ರೇಸಿನ ಫ್ಲಾಪಿಯಲ್ಲಿ ರೋಗ. ಭಾವನ ಡಿಸ್ಕಿನಲ್ಲಿ ರೋಗ. ನಕಲಿನಲ್ಲೂ ರೋಗ. ಆ ಪುಟಾಣಿ ಕಿಟಕಿ ಮೂರಕ್ಕೂ ಒಂದೇ ಹೆಸರು ಹೇಳಿತು. ಅಳಿಸಿದರೆ ವೈರಸ್ಸೇನೋ ಹೋಗುತ್ತದೆ, ಆದರೆ ಅದು ಕೂತ ಜಾಗದಲ್ಲಿ ಮೊದಲಿದ್ದ ಭಾವನ ಬರಹ ಆಗಲೇ ಹೋಗಿತ್ತು. ವಾಕ್ಯಗಳು ಒಳಗೇ ಇವೆ, ಒಳಗೆ ಹೋಗುವ ದಾರಿ ಇಲ್ಲ. ಅವಳು ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಎರಡೂ ಫ್ಲಾಪಿಗಳನ್ನು ಸೆರಗಿನಲ್ಲಿ ಒರೆಸುತ್ತಾ ಕೂತುಬಿಟ್ಟಳು, ಧೂಳು ಹೋದರೆ ಸರಿಯಾಗುತ್ತದೆ ಅನ್ನುವ ಹಾಗೆ.

ಭಾವ ಬಂದರು, ವಿಷಯ ತಿಳಿದರು, ಸ್ಲೇಟಿನಲ್ಲಿ 'ಬರೆಯೋಣ ಬಿಡು' ಅಂತ ಬರೆದು ನನಗೆ ತೋರಿಸಿದರು. ನಕ್ಷೆಯವರಲ್ಲವೇ, ಆ ತುಣುಕಿನ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದರು. ಆದರೆ ಆಮೇಲೆ ಯಂತ್ರದಲ್ಲೇ ಮಾಡಿದ ತಿದ್ದುಪಡಿಗಳು ಅದರಲ್ಲಿರಲಿಲ್ಲ. ಎಷ್ಟು, ಎಲ್ಲೆಲ್ಲಿ, ಅವರಿಗೂ ನೆನಪಿಲ್ಲ.

ಅದೆಲ್ಲ ಒಂದು ಕಡೆ ಇರಲಿ. ಅತ್ತೆಗೆ ಹೇಳುವುದು ಹೇಗೆ? ಮಗ ಬಂದ ಹೆಜ್ಜೆ ಸದ್ದು ಕೇಳಿದರು, ಕಾದರು, ದನಿ ಬರಲಿಲ್ಲ. ಭಾವ ಕೈ ಹಿಡಿದರೆ ಕೈ ಎಳೆದುಕೊಂಡರು. ಫ್ಲಾಪಿಗೆ ರೋಗ ಬಂದಿದೆ ಅಂತ ಅಕ್ಕ ಎಷ್ಟು ಬಿಡಿಸಿ ಹೇಳಿದರೂ ನಂಬಲಿಲ್ಲ. ಡಬ್ಬಕ್ಕೆ ಎಲ್ಲಾದರೂ ಜ್ವರ ಬರುತ್ತದೆಯೇ?

"ನೀನು ಅವನ ಪರವಾಗಿ ಹೇಳ್ಬೇಡಮ್ಮ. ನಾನು ಬೈದೆ, ಅವನಿಗೆ ನೊಂದಿದೆ. ಸಿಟ್ಟಿದ್ರೆ ಸಿಟ್ಟಿದೆ ಅಂತ ಅವನೇ ಹೇಳ್ಲಿ," ಅಂದರು.

ಅಂದಿನಿಂದ ಎರಡು ತುತ್ತಿಗೇ ಸಾಕು ಅನ್ನತೊಡಗಿದರು. ಎಪ್ಪತ್ತೊಂಬತ್ತು ವರ್ಷದ ಜೀವ, ಮೊದಲೇ ಕಡ್ಡಿ. ಮೂರನೆಯ ದಿನ ಎದ್ದು ಕೂರಲೂ ಇಲ್ಲ. ಭಾವ ಅಮ್ಮನ ಅಂಗೈಯನ್ನು ಎರಡೆರಡು ಸಲ ಒತ್ತುತ್ತಲೇ ಇದ್ದರು, ಇಲ್ಲ, ಇಲ್ಲ, ಇಲ್ಲ. ತಾವು ಕೇಳಿದ ಯಾವ ಪ್ರಶ್ನೆಗೆ ಇಲ್ಲ ಅಂತ ಅತ್ತೆಗೆ ಹೇಗೆ ಗೊತ್ತಾಗಬೇಕು? ನಾನು ಬಾಗಿಲಲ್ಲಿ ನಿಂತು ನೋಡಿ, ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ದಿನವೂ ಡ್ಯೂಟಿ ಮುಗಿಸಿ ಬಂದವಳೇ ಅಕ್ಕ ನೋಟ್‌ಬುಕ್ ಹಿಡಿದು ಕೂರುತ್ತಿದ್ದಳು. ಎಕ್ಸ್‌ಚೇಂಜಿನ ಅದೇ ದನಿ, ಒಂದೇ ಲಯ. ಅವಳು ನಾಲ್ಕು ಅಂಕಿ ಓದುವಳು, ಭಾವ ಒತ್ತುವರು. ಟೀವಿಯ ಮೇಲೆ ಮೂಡಿದ್ದನ್ನು ಅವಳು ತಿರುಗಿ ಓದುವಳು, ಭಾವ ತಲೆಯಾಡಿಸುವರು. ಮುಗಿದ ಮೇಲೆ ಡಿಸ್ಕಿಗೆ ಬರೆದು, ಆರಿಸಿ, ಎಣಿಸಿ, ಹಾಕಿದರೆ ಕಪ್ಪು. ಎಲ್ಲಿ ತಿದ್ದಿದ್ದೆ ಅಂತ ಭಾವ ಹಣೆ ಉಜ್ಜಿಕೊಂಡು ನೆನಪಿಸಿಕೊಳ್ಳುವರು, ಮತ್ತೆ ಮೊದಲಿನಿಂದ. ನನಗೆ ಬೇರೆ ಶಿಕ್ಷೆ. ಮನೆಯಲ್ಲಿದ್ದ ಅರವತ್ತೊಂದು ಫ್ಲಾಪಿಗಳನ್ನೂ ಪಕ್ಕದ ಮನೆಯ ಯಂತ್ರದಲ್ಲಿ ಒಂದೊಂದಾಗಿ ತಪಾಸಣೆ ಮಾಡಿಸಿಕೊಂಡು ಬರಬೇಕು, ಪ್ರತಿಯೊಂದಕ್ಕೂ ಮೂವತ್ತು ಎಣಿಸಬೇಕು. ಬಾಯಿ ಮುಚ್ಚಿಕೊಂಡು ಮಾಡಿದೆ, ಅಂದರೆ ಬಾಯಿ ಬಿಟ್ಟು ಎಣಿಸಿಕೊಂಡೇ ಮಾಡಿದೆ. ಸಿಟ್ಟೆಲ್ಲ ಎಲ್ಲಿ ಹೋಗಿತ್ತೋ.

ಐದನೆಯ ದಿನ ಮಧ್ಯಾಹ್ನ ಮೂರೂವರೆಗೆ ಟೀವಿ ಮೊದಲಿನ ಹಾಗೆ ನೀಲಿಯಾಯಿತು. ಅಕ್ಕ ನೋಟ್‌ಬುಕ್ ಕೆಳಗಿಟ್ಟಳು. ಭಾವ ಎರಡು ಸಲ ತಪ್ಪು ಒತ್ತಿ ಅಳಿಸಿದರು. ನಾನೂ ಅಕ್ಕನೂ ಅತ್ತೆಯನ್ನು ಎತ್ತಿ ಕೂರಿಸಿದೆವು. ಬಾಗಿಲಾಚೆಯಿಂದ ಆ ತಗಡಿನ ದನಿ ಬಂತು.

"ಅಮ್ಮ, ಸಿಟ್ಟಿಲ್ಲ. ದನಿ ಕೆಟ್ಟಿತ್ತು."

ಅತ್ತೆ ದನಿ ಬಂದ ಕಡೆಗೆ ಕಿವಿ ತಿರುಗಿಸಿದರು. "ಇನ್ನೊಂದ್ಸಲ ಹೇಳು," ಅಂದರು.

ಹೇಳಿತು. ಇನ್ನೊಂದ್ಸಲ ಅಂದರು. ಮತ್ತೆ ಹೇಳಿತು. ಅವರು ಸಾಕು ಅನ್ನುವವರೆಗೂ ಭಾವ ಒತ್ತಿದರು. ಆಮೇಲೆ ಅತ್ತೆ ಹಸಿವಾಗ್ತಿದೆ ಅಂದರು. ಅಕ್ಕ ಅಡುಗೆಮನೆಗೆ ಓಡಿದವಳು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಒಲೆ ಹಚ್ಚದೆ ಗೋಡೆಗೆ ಒರಗಿ ಬಿಕ್ಕುತ್ತಿದ್ದಳು. ಇಪ್ಪತ್ತೆಂಟು ವರ್ಷ ಊರಿನವರ ಮಾತನ್ನೆಲ್ಲ ಜೋಡಿಸಿದವಳು, ತನ್ನ ಮನೆಯ ಒಂದು ಮಾತು ಐದು ದಿನ ಕಡಿದುಹೋಗಿದ್ದನ್ನು ಹೇಗೆ ತಡೆದುಕೊಂಡಿದ್ದಳೋ.

ಅತ್ತೆ ಆಮೇಲೆ ನಾಲ್ಕು ವರ್ಷ ಇದ್ದರು, ದಿನವೂ ಆ ಪೆಟ್ಟಿಗೆಯ 'ಳ' ತಿದ್ದುತ್ತಾ. ಭಾವ ಹೋಗಿ ಈಗ ಹದಿನಾರು ವರ್ಷ. ಅಕ್ಕನಿಗೆ ಎಪ್ಪತ್ತಾರು. ಟೀವಿ ಬದಲಾಯಿತು, ಕೀಲಿಮಣೆ ಹಳದಿಗಟ್ಟಿತು, ಯಂತ್ರ ಇನ್ನೂ ಇದೆ. ಕಳೆದ ತಿಂಗಳು ಹೋದಾಗ ನಾನೇ, ಹಾಕೇ, ಕೇಳೋಣ ಅಂದೆ. ಮೊದಲು ತಪಾಸಣೆಯ ಡಿಸ್ಕು ಹಾಕಿದಳು. ಈ ಕಾಲದಲ್ಲಿ ಈ ಯಂತ್ರಕ್ಕೆ ಯಾವ ವೈರಸ್ಸು ಬರುತ್ತೇ ಅಂತ ಕೆಣಕಿದೆ. "ಬರೋನು ನೀನೊಬ್ಬ ಇದ್ದೀಯಲ್ಲೋ," ಅಂದಳು.

ದನಿ ಶುರುವಾಯಿತು. ಅಮ್ಮ, ನಾನು ಬಂದೆ. ಅಮ್ಮ, ಕಾಲು ಒತ್ತಲಾ. ಅಮ್ಮ, ಬಿಸಿಲು ಬಂದಿದೆ, ಹೊರಗೆ ಕೂರು. ಒಂದಾದ ಮೇಲೊಂದು. ಇಷ್ಟು ವರ್ಷದಲ್ಲಿ ನನಗದು ಹೊಳೆದದ್ದು ಅಂದೇ. ಎಲ್ಲವೂ ಅಮ್ಮನಿಗೆ. ನಿನಗೆ ಅಂತ ಒಂದೂ ಇಲ್ವೇನೇ ಅಂತ ಕೇಳಿದೆ. ನನಗೆ ಕಣ್ಣಿತ್ತಲ್ಲ ಅಂದಳು. ಅವಳಿಗೆ ಹೇಳಿದ್ದನ್ನೆಲ್ಲ ಭಾವ ಸ್ಲೇಟಿನಲ್ಲಿ ಬರೆದಿದ್ದರು, ಬರೆದದ್ದನ್ನೆಲ್ಲ ಅಳಿಸಿದ್ದರು. ಇಷ್ಟು ವರ್ಷ ಅವಳು ಕಾದು ಉಳಿಸಿದ್ದು ಇನ್ನೊಬ್ಬರಿಗೆ ಆಡಿದ ಮಾತನ್ನು. ನಾನು ಟೀವಿ ನೋಡುತ್ತಾ ಕೂತೆ.

"ಅಮ್ಮ, ಊಟ ಆಯ್ತಾ?" ಎಂದಿತು ಪೆಟ್ಟಿಗೆ.

"ಆಯ್ತು ರೀ," ಅಂದಳು ಅಕ್ಕ.