ನಿಡುಗಲ್ಲಿನ ಬುರುಜಿನ ಮೇಲೆ ಹೊಗೆ

ನಮ್ಮ ಮನೆಯವರಿಗೆ ಎದೆನೋವು ಬಂದು ಆಸ್ಪತ್ರೆಯಿಂದ ಮನೆಗೆ ಮರಳುವಾಗ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದು ಒಂದೇ ಮಾತು: ಇನ್ನು ಬೆಟ್ಟ ಹತ್ತಕೂಡದು. ಮಧುಗಿರಿಯಲ್ಲಿ ಬೇರೆ ಯಾರಿಗೆ ಹಾಗಂದಿದ್ದರೂ ನಷ್ಟವಿರಲಿಲ್ಲ. ಮನೆಯ ಹಿತ್ತಲಿನಿಂದಲೇ ಬೆಟ್ಟ ಕಾಣುತ್ತದಾದರೂ ನಮ್ಮ ಬೀದಿಯ ಮುಕ್ಕಾಲು ಜನ ಅದನ್ನು ಒಮ್ಮೆಯೂ ಹತ್ತಿದವರಲ್ಲ. ಇವರು ಕಾಲೇಜಿನಲ್ಲಿ ಚರಿತ್ರೆ ಹೇಳುವ ಮೇಷ್ಟ್ರು, ಅದರಲ್ಲೂ ಯುದ್ಧದ ಚರಿತ್ರೆಯ ಹುಚ್ಚು. ಈ ಸೀಮೆಯ ಕೋಟೆಗಳನ್ನು ಹೇಗೆ ಮುತ್ತಿದರು, ಹೇಗೆ ಕಾದರು ಎಂದು ವರ್ಷಗಟ್ಟಲೆಯಿಂದ ಪುಸ್ತಕ ಬರೆಯುತ್ತಿದ್ದರು. ಕೂತಲ್ಲೇ ಬರೆದು ಮುಗಿಸುವ ಪೈಕಿಯಲ್ಲ. ಸೈನ್ಯ ಹತ್ತಿದ ದಾರಿಯಲ್ಲಿ, ಅದು ಹತ್ತಿದ ಕಾಲದಲ್ಲೇ ತಾವೂ ಹತ್ತದೆ ಒಂದು ಸಾಲೂ ಬರೆಯುತ್ತಿರಲಿಲ್ಲ. ಬೇಸಿಗೆಯ ಮುತ್ತಿಗೆಯಾದರೆ ಬೇಸಿಗೆಯ ಬಿಸಿಲೇ ಬೇಕು. ಒಂದು ಸಲ ಹೆಗಲ ಮೇಲೆ ರಾಗಿ ಮೂಟೆ ಹೊತ್ತು ಚನ್ನರಾಯನದುರ್ಗ ಹತ್ತಿದ್ದರು. ಸಿಪಾಯಿಗಳೇನು ಬರಿಗೈಯಲ್ಲಿ ಹತ್ತುತ್ತಿದ್ದರೇ ಎಂದು ನನ್ನನ್ನೇ ಕೇಳಿದರು. ರಾಗಿ ನಮ್ಮ ಮನೆಯದು, ಅದನ್ನೂ ಅಲ್ಲೇ ಯಾರಿಗೋ ಕೊಟ್ಟು ಬಂದಿದ್ದರು.

ಈಗ ಪಾವಗಡದ ಕಡೆಯ ನಿಡುಗಲ್ಲು ಕೋಟೆಯ ಅಧ್ಯಾಯವೊಂದು ಬಾಕಿ ಉಳಿದಿತ್ತು. ತುದಿಯ ಬುರುಜಿನಲ್ಲಿ ಸಿಕ್ಕಿಬಿದ್ದವರು ಹೊಗೆ ಎಬ್ಬಿಸಿ ಕರೆದರೆ ಅದು ಕೆಳಬಾಗಿಲಿನವರಿಗೆ ಕಾಣುತ್ತಿತ್ತೆ, ಇಲ್ಲ ನಡುವಿನ ಬಂಡೆ ಮರೆಮಾಡುತ್ತಿತ್ತೆ? ಇದು ತಿಳಿಯದೆ ಇವರಿಗೆ ಅನ್ನ ಸೇರುತ್ತಿರಲಿಲ್ಲ. ಇವರು ನನಗೆ ಹೇಳದೆ ಹೊರಟುಬಿಟ್ಟಾರೆಂದು ನನಗೆ ನಿದ್ದೆ ಬರುತ್ತಿರಲಿಲ್ಲ. ಹಾಲು ತರಲು ಹೋದವರು ಸ್ವಲ್ಪ ತಡಮಾಡಿದರೂ ಪಾವಗಡದ ಬಸ್ಸು ಹತ್ತಿಯೇಬಿಟ್ಟರು ಅಂದುಕೊಂಡು ಬಾಗಿಲಿಗೂ ಬೀದಿಗೂ ಅಲೆಯುತ್ತಿದ್ದೆ. ಕೊನೆಗೆ ಸಾಕಾಗಿ, "ನಾನೇ ಹತ್ತಿ ಹೊಗೆ ಹಾಕ್ತೀನಿ, ನೀವು ಕೆಳಗೆ ಕೂತು ನೋಡಿ," ಎಂದೆ.

"ನೀನಾ? ನಿನಗೆ ಬುರುಜು ಯಾವುದು, ಬಣವೆ ಯಾವುದು ಅಂತ ಗೊತ್ತೇನೆ?"

"ಬುರುಜು ಗೊತ್ತಿಲ್ಲ. ಹೊಗೆ ಗೊತ್ತು. ಮದುವೆಯಾದಾಗಿಂದ ಸೌದೆ ಒಲೆ ಮುಂದೆ ಇನ್ನೇನು ಮಾಡ್ತಿದ್ದೆ ಅಂದ್ಕೊಂಡ್ರಿ?"

ಹೀಗೆ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನಿಡುಗಲ್ಲಿಗೆ ಹೋದೆವು. ಕೆಳಬಾಗಿಲಿನ ನೆರಳಲ್ಲಿ ಇವರನ್ನು ಕೂರಿಸಿ, ನೀರಿನ ಕೂಜ ಪಕ್ಕದಲ್ಲಿಟ್ಟು, ಮೇಲೆ ಹತ್ತುವುದಿಲ್ಲ ಎಂದು ಆಣೆ ಹಾಕಿಸಿಕೊಂಡೆ. ಹೊಗೆ ಕಂಡರೆ ಬಾಗಿಲಿನ ಮುಂದಿನ ಹಾಸುಬಂಡೆಗೆ ಬಂದು ಬಿಳಿ ಪಂಚೆ ಹರಡುತ್ತೇನೆ, ಕಾಣದಿದ್ದರೆ ಹರಡುವುದಿಲ್ಲ ಎಂದರು. ನನಗೆ ದಾರಿ ತೋರಿಸಲು ಕುರಿಹಟ್ಟಿಯ ಹೆಂಗಸೊಬ್ಬಳು ಜೊತೆಯಾದಳು.

"ಜೋರಾಗಿ ಮಾತಾಡ್ಕೊಂಡೇ ಬಾಮ್ಮ," ಎಂದಳು ಅವಳು. "ಮನುಸ್ರ ಸದ್ದು ಕೇಳಿದ್ರೆ ಎಲುಗು ಅಂಗೇ ಪಕ್ಕಕ್ಕೆ ಓಗ್ಬುಡ್ತದೆ."

ಎಲುಗು ಅಂದರೆ ಕರಡಿ ಎಂದು ಕೇಳಿ ತಿಳಿದುಕೊಂಡೆ. ಏನು ಮಾತಾಡುವುದೋ ಹೊಳೆಯದೆ ಹುರುಳಿಕಾಳಿನ ಸಾರು ಮಾಡುವ ಕ್ರಮವನ್ನು ಕೂಗಿ ಹೇಳುತ್ತಾ ಹತ್ತಿದೆ. ಅವಳು ನಕ್ಕು ನಕ್ಕು ಕೂರುತ್ತಿದ್ದಳು. ನಾನು ತಿರುಗಿ ತಿರುಗಿ ಕೆಳಗೆ ನೋಡುತ್ತಿದ್ದೆ. ಬಾಗಿಲು ಆಗಲೇ ಬಂಡೆಯ ಹಿಂದೆ ಮರೆಯಾಗಿತ್ತು.

ಬುರುಜಿನ ಮೇಲೆ ಪುಳ್ಳೆ ಹೊತ್ತಿಸಿ ಹಸಿಸೊಪ್ಪು ಹೇರಿದೆ. ಹೊಗೆ ಚೆನ್ನಾಗಿಯೇ ಎದ್ದಿತು. ಅಷ್ಟರಲ್ಲಿ ಗಾಳಿ ಬೀಸಿ ಕಿಡಿಯೊಂದು ಪಕ್ಕದ ಒಣಹುಲ್ಲಿಗೆ ಹಾರಿತು. ಕಣ್ಣುಮುಚ್ಚಿ ಬಿಡುವುದರೊಳಗೆ ಆ ಬದಿಯೆಲ್ಲ ಉರಿಯತೊಡಗಿತು.

"ಅಯ್ಯಯ್ಯೋ, ಸೊಪ್ಪಲ್ಲಿ ಬಡಿಯಮ್ಮ, ಬಡಿ!" ಎಂದು ಅವಳು ಕಿರುಚಿದಳು. ಇಬ್ಬರೂ ಹಸಿರೆಂಬೆ ಹಿಡಿದು ಬಡಿದೆವು. ಬೆಂಕಿ ಆರಿತು. ಆದರೆ ಕಪ್ಪು ಹೊಗೆ ಇಡೀ ಬುರುಜನ್ನು ನುಂಗಿ ಆಕಾಶಕ್ಕೇರಿತ್ತು. ಸೀರೆಯ ಅಂಚು ಸುಟ್ಟಿತ್ತು, ಕೈ ಬೊಬ್ಬೆಯೆದ್ದಿತ್ತು. ಇಷ್ಟು ಹೊಗೆ ಯಾರಿಗೆ ತಾನೇ ಕಾಣುವುದಿಲ್ಲ ಎಂದುಕೊಂಡು ಹಾಸುಬಂಡೆ ಕಾಣುವ ಅಂಚಿಗೆ ಹೋಗಿ ನಿಂತೆ.

ಪಂಚೆ ಇರಲಿಲ್ಲ.

ಕಾದೆ. ಬಂಡೆ ಬಿಸಿಲಿಗೆ ಬರಿದಾಗಿ ಬಿದ್ದಿತ್ತು. ಹೊಗೆ ಕಂಡಿಲ್ಲ, ಅಷ್ಟೇ ಎಂದು ಒಂದು ಮನಸ್ಸು ಹೇಳಿತು. ಕಂಡರೂ ಏಳಲು ಆಗದಿದ್ದರೆ ಎಂದು ಇನ್ನೊಂದು. ಬೆವರು ಒರೆಸಲು ಸೆರಗು ಎಳೆದುಕೊಂಡಾಗ ಗಂಟು ಕೈಗೆ ತಗುಲಿತು. ಎದೆ ಹಿಡಿದಾಗ ನಾಲಿಗೆಯಡಿ ಇಡಬೇಕಾದ ಮಾತ್ರೆಗಳ ಗಂಟು ಅದು. ಇವರು ಎಲ್ಲೆಂದರಲ್ಲಿ ಕಳೆದುಹಾಕುತ್ತಾರೆಂದು ನಾನೇ ಕಟ್ಟಿಕೊಳ್ಳುತ್ತಿದ್ದೆ. ಅದು ನನ್ನ ಜೊತೆ ಬೆಟ್ಟದ ತುದಿಯಲ್ಲಿತ್ತು. ಇವರು ಕೆಳಗಿದ್ದರು.

ಇಳಿದದ್ದು ಹೇಗೋ ಈಗಲೂ ಹೇಳಲಾರೆ. ಕೂತು ಜಾರಿದೆ, ಹುಲ್ಲು ಹಿಡಿದು ನೇತಾಡಿದೆ. ಇವರನ್ನೂ ಇವರ ಕೋಟೆಗಳನ್ನೂ ಅವನ್ನು ಕಟ್ಟಿಸಿದ ಪಾಳೆಯಗಾರರನ್ನೂ ಬಾಯಿಗೆ ಬಂದಂತೆ ಬೈದೆ. "ನಿಧಾನ ಕಣಮ್ಮ, ಬಿದ್ಬುಡ್ತೀಯ," ಎಂದು ಹಿಂದಿನಿಂದ ಅವಳು ಕೂಗುತ್ತಲೇ ಇದ್ದಳು.

ಕೆಳಬಾಗಿಲಿನವರೆಗೆ ಹೋಗಬೇಕಾಗಲಿಲ್ಲ. ಅರ್ಧ ದಾರಿಯಲ್ಲಿ, ನಡುಬಾಗಿಲಿನ ಮೆಟ್ಟಿಲ ಮೇಲೆ ಗೋಡೆಗೊರಗಿ ಕೂತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಕೈ ಎದೆಯ ಮೇಲೆ, ಇನ್ನೊಂದರಲ್ಲಿ ಮುದ್ದೆಯಾದ ಪಂಚೆ. ಹೊಗೆ ಮೊದಲು ಎದ್ದಾಗಲೇ ಕಂಡಿತ್ತಂತೆ. ಪಂಚೆ ಹರಡಲು ಎದ್ದರಂತೆ. ಅಷ್ಟರಲ್ಲಿ ಅದು ಇಮ್ಮಡಿಯಾಗಿ ಕಪ್ಪಾಗಿದ್ದನ್ನು ನೋಡಿ, ಪಂಚೆ ಹಿಡಿದೇ ಹತ್ತತೊಡಗಿದರಂತೆ. ಪ್ರಪಂಚದ ಸೈನ್ಯಗಳ ಸಂಕೇತಗಳನ್ನೆಲ್ಲ ಬಾಯಿಪಾಠ ಮಾಡಿದ್ದ ಮನುಷ್ಯ, ನಾನು ಕ್ಷೇಮವೆಂದು ತಿಳಿಸಲು ನನಗೊಂದು ಸಂಕೇತ ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ.

ಬೊಬ್ಬೆಯೆದ್ದ ಕೈಯಲ್ಲಿ ಗಂಟು ಬಿಚ್ಚಲಾಗದೆ ಹಲ್ಲಿನಲ್ಲಿ ಕಚ್ಚಿ ಬಿಚ್ಚಿ ಮಾತ್ರೆ ಇಟ್ಟೆ. ಕುರಿಹಟ್ಟಿಯವಳು ಓಡಿಹೋಗಿ ಹಟ್ಟಿಯ ಗಂಡಸರನ್ನು ಕರೆತಂದಳು. ಅವರು ಕಂಬಳಿಯಲ್ಲಿ ಇವರನ್ನು ಹೊತ್ತು ಇಳಿಸಿದರು. ಕಡಲೆಕಾಯಿ ಮೂಟೆಯ ಲಾರಿಯೊಂದು ಪಾವಗಡದ ಆಸ್ಪತ್ರೆಗೆ ಮುಟ್ಟಿಸಿತು. ದಾರಿಯುದ್ದಕ್ಕೂ ಇವರ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂತಿದ್ದೆ. ಲಾರಿ ಕುಲುಕಿದಾಗೆಲ್ಲ ಅದು ನಿಂತೇಹೋಯಿತು ಅನ್ನಿಸುತ್ತಿತ್ತು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು. ಸೂಜಿ ಚುಚ್ಚಿ, ನಾಡಿ ಹಿಡಿದು, ಬಹಳ ಹೊತ್ತಿನ ಮೇಲೆ, ಸದ್ಯಕ್ಕೆ ಗಂಡಾಂತರ ಕಳೆಯಿತು ಎಂದರು. ಆಮೇಲೆ ಇವರ ಮೇಲೆ ರೇಗಿದರು. "ಎಜುಕೇಟೆಡ್ ಅಲ್ವೇನ್ರೀ ನೀವು? ಹಾರ್ಟ್ ಪೇಷೆಂಟು ಯಾಕ್ರೀ ಬೆಟ್ಟ ಹತ್ತಿದ್ರಿ?"

ಇವರು ಕಣ್ಣು ತೆರೆದರು. ಸಂಜೆಯ ಊಟ ಏನು ಮಾಡಲಿ ಎಂದು ನಾನು ಕೇಳಿದರೂ ಮುತ್ತಿಗೆಯಿಂದ ಶುರುಮಾಡಿ ದಂಡಿನ ಆಹಾರಕ್ಕೆ ಬರುವ ಮನುಷ್ಯ. ಈಗ ಬುರುಜು, ಬಂಡೆ, ಅಧ್ಯಾಯ ಎಲ್ಲವನ್ನೂ ಈ ಹುಡುಗನಿಗೆ ವಿವರಿಸಲು ಹೊರಡುತ್ತಾರೆ, ಬಾಯಿ ಮುಚ್ಚಿಸಬೇಕು ಎಂದು ನಾನು ಮುಂದೆ ಬಂದೆ.

"ನನ್ನ ಹೆಂಡ್ತಿ ಮೇಲಿದ್ಳು, ಡಾಕ್ಟ್ರೇ," ಎಂದರು.

ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಟ್ಟುಕೊಂಡಿದ್ದೆ. ಅಂಗಿಯ ಗುಂಡಿ ಹಾಕುವ ನೆಪದಲ್ಲಿ ಇವರ ಮೇಲೆ ಬಗ್ಗಿ, ಡಾಕ್ಟರು, ನರ್ಸು, ಲಾರಿಯವನು ಎಲ್ಲರ ಎದುರಿಗೇ ಜೋರಾಗಿ ಅತ್ತುಬಿಟ್ಟೆ.