ಕೆಂಚ ಕೊರೆದ ಗಂಟಿನ ಬಳೆ

ಕೆಂಚನ ಕೂಲಿ ಇನ್ನೂ ಬಾಕಿ ಇದೆ. ಅವನು ಕೇಳಿದ್ದು ದುಡ್ಡಲ್ಲ, ಒಂದು ಗೇಟು. ಕೊಡಗಿನ ಬಾಳೆಲೆ ಕಡೆಯ ಆ ಕಾಫಿ ತೋಟದಲ್ಲಿ, ಲೈನುಮನೆಗಳಲ್ಲಿರುವ ಕೂಲಿಯವರ ಹಳೆಯ ಮಸಣವಿದೆ. ಆನೆ ಬರುತ್ತದೆಂದು ಸಾವ್ಕಾರ್ ಸೋಲಾರ್ ಬೇಲಿ ಎಳೆಸಿದಾಗ ಮಸಣವೂ ಬೇಲಿಯೊಳಗೆ ಸೇರಿತು. ಈಗ ಅಲ್ಲಿ ಮೆಣಸಿನ ಬಳ್ಳಿ ಹಬ್ಬಿದೆ. ಹೆಣ ಹೊತ್ತು ಹೋದವರನ್ನು ವಾಚರ್ ತಡೆಯುತ್ತಾನೆ.

ಕೆಂಚ ಎರವ ಬುಡಕಟ್ಟಿನವನು, ಅದೇ ಲೈನಿನಲ್ಲಿ ಹುಟ್ಟಿದವನು. ಹರೆಯದಲ್ಲಿ ತೋಟದ ಕೆಲಸ ಸಾಕೆಂದು ಗೋಣಿಕೊಪ್ಪಲಿಗೆ ಓಡಿಹೋಗಿ ಬೋರ್ಡು ಬರೆಯುವುದನ್ನು ಕಲಿತ. ಫ್ಲೆಕ್ಸ್ ಬಂದು ಬ್ರಷ್ಷಿಗೆ ಕೆಲಸವಿಲ್ಲದಂತಾಯಿತು. ಆಮೇಲೆ ವಿರಾಜಪೇಟೆಯಲ್ಲಿ ಸಮಾಧಿಕಲ್ಲು ಕೆತ್ತುವವರ ಹತ್ತಿರ ಉಳಿ ಹಿಡಿದ. ಕಲ್ಲಿನ ಧೂಳು ಎದೆಗಿಳಿದು ಕೆಮ್ಮು ಹತ್ತಿದ ಮೇಲೆ ಅವ್ವ ಕಾಳಿಯ ಮನೆಗೆ ವಾಪಸು ಬಂದ. ಕುಡಿಯುತ್ತಿದ್ದ. ಬಾಯಿ ಜೋರು. ನಮ್ಮ ಕೂಲಿಕಾರರ ಸಂಘದ ಸಭೆಗೆ ಕರೆದರೆ, "ನಿಮ್ಮ ಭಾಷಣ ಕೇಳೋಕೆ ಅರ್ಧ ದಿನದ ಸಂಬಳ ಕೊಡ್ತೀರಾ?" ಎನ್ನುತ್ತಿದ್ದ.

ಆ ತೋಟವನ್ನು ಮೊದಲು ಮಾಡಿದ ಬಿಳಿಯನ ಗೋರಿ ಬಂಗಲೆಯ ಪಕ್ಕದಲ್ಲೇ ಇದೆ. ಮರ ಬಿದ್ದು ಅದರ ಶಿಲುಬೆ ಚೂರಾಗಿತ್ತು. ಬಂಗಲೆ ಹೋಂಸ್ಟೇ ಆದ ಮೇಲೆ ಸಾವ್ಕಾರರಿಗೆ ಗೋರಿಯ ಮೇಲೆ ಪ್ರೀತಿ ಹುಟ್ಟಿತು. ಹೊಸ ಶಿಲುಬೆಯ ನಡುವೆ ಐರ್ಲೆಂಡ್ ಕಡೆಯವರು ಕೊರೆಯುವಂಥ ದುಂಡನೆಯ ಬಳೆ, ಅದರ ತುಂಬ ತುದಿಮೊದಲಿಲ್ಲದ ಗಂಟು ಬೇಕು ಎಂದು ಫೋಟೋ ತೋರಿಸಿದರು. ಕೆಂಚ ಒಪ್ಪಿದ. ಕೂಲಿಗೆ ಬದಲು ಮಸಣಕ್ಕೊಂದು ಗೇಟು ಕೇಳಿದ. ಅಪ್ಪ ಅಲ್ಲೇ ಮಲಗಿದ್ದಾನೆ, ಅವ್ವನನ್ನೂ ಪಕ್ಕದಲ್ಲಿ ಮಲಗಿಸಬೇಕು. ಅವ್ವನಿಗಾಗಲೇ ಹಾಸಿಗೆ ಹಿಡಿಯುವ ಕಾಲ. "ಬಳೆ ಮುಗಿಸು, ಗೇಟು ಇಡಿಸ್ತೇನೆ" ಎಂದರು ಸಾವ್ಕಾರ್.

ಕೆಂಚ ಕಲ್ಲಿನ ನಡುವೆ ಮೊಳೆಯಿಂದ ಚುಕ್ಕೆ ಹೊಡೆದು, ಸೀಮೆಸುಣ್ಣ ಸಿಕ್ಕಿಸಿದ ದೊಡ್ಡ ಕೈವಾರದಿಂದ ಒಂದರೊಳಗೊಂದು ವೃತ್ತ ಎಳೆದ. ಕೈವಾರವನ್ನು ಹೊರಗಿನ ವೃತ್ತ ಎಳೆದ ಅಗಲಕ್ಕೇ ಹಿಡಿದು ಅದರ ಸುತ್ತ ಗುರುತು ಹಾಕಿದರೆ ಸರಿಯಾಗಿ ಆರು ಪಾಲು; ಅವನ್ನು ಮತ್ತೆ ಅರ್ಧ ಮಾಡಿ, ಚುಕ್ಕೆಯಿಂದ ಸ್ಕೇಲಿಟ್ಟು ಗೆರೆ ಎಳೆದ. ಗೆರೆ ಸಂಧಿಸಿದಲ್ಲಿ ಕೈವಾರದ ಮೊನೆ ಊರಿ ಕಮಾನುಗಳನ್ನು ಬರೆದ. ಅಷ್ಟಾದರೂ ಅದು ಜೇಡನ ಬಲೆಯಂತಿತ್ತು. ಕೊನೆಗೆ ಒದ್ದೆ ಬಟ್ಟೆಯಲ್ಲಿ ಎಳೆ ದಾಟುವ ಕಡೆಯೆಲ್ಲ ಸೀಮೆಸುಣ್ಣ ಒರೆಸುತ್ತ ಹೋದ: ಒಂದು ಸಲ ಮೇಲೆ, ಮುಂದಿನ ಸಲ ಕೆಳಗೆ. ಆಗ ಗಂಟು ಕಣ್ಣಿಗೆ ಬಿತ್ತು.

ಕಾಳಿ ಕೋಲೂರಿಕೊಂಡು ನೋಡಲು ಬಂದಳು. "ಸತ್ತವನಿಗೆ ಹಗ್ಗ ಬಿಗೀತಿದ್ದೀಯಲ್ಲೋ, ಎದ್ದು ಓಡ್ತಾನೆ ಅಂತ ಹೆದರಿಕೆಯಾ?"

"ಎದ್ದರೆ ಒಳ್ಳೇದೇ ಅವ್ವ. ಬೆಳಿಗ್ಗೆ ನಮ್ಮ ಜೊತೆ ಹಾಜರಿಗೆ ನಿಲ್ಲಿಸುವ."

"ಬಿಳಿಯನ ಕೈಲಿ ಕಾಫಿ ಪಿಕ್ಕಿಂಗಾ? ಎಲ್ಲ ಹಸಿರುಕಾಯೇ ಕಿತ್ತಾನು!"

ಉಳಿಯ ಕೆಲಸದಲ್ಲಿ ಎರಡು ಗಂಟು ಉಳಿದಿದ್ದಾಗ ಕಾಳಿ ಸತ್ತಳು. ಕೆಂಚ ತೋಟದ ಆಫೀಸಿಗೆ ಹೋಗಿ, ಲೆಕ್ಕ ಬರೆಯುವ ರೈಟರ್ ಲೋಕೇಶನ ಮುಂದೆ ನಿಂತು ಗೇಟು ಕೇಳಿದ.

"ಎರಡು ಗಂಟು ಬಾಕಿ ಉಂಟಲ್ಲ ಮಾರಾಯ. ಮುಗಿಸಿ ಬಾ, ಗೇಟಿನ ಮಾತಾಡುವ."

"ಹೆಣ ಮನೆಯಲ್ಲಿಟ್ಟು ಉಳಿ ಮುಟ್ಟೋ ಹಾಗಿಲ್ಲ ಸಾರ್, ನಮ್ಮಲ್ಲಿ. ಅವ್ವನ್ನ ಮಣ್ಣಿಗೆ ಕೊಟ್ಟು, ಸೂತಕ ಕಳೆದು ಬಂದು ಮುಗಿಸ್ತೇನೆ. ಮಾತು ತಪ್ಪೋದಿಲ್ಲ."

"ನಿಮ್ಮ ಪದ್ಧತಿ ನಿಮಗೆ. ಸಾವ್ಕಾರ್ ಹೇಳಿದ್ದು ಕೆಲಸ ಮುಗಿದ ಮೇಲೆ ಅಂತ."

ಕೆಂಚ ಫೋನಿನಲ್ಲಿ ಸಾವ್ಕಾರರ ಬಾಯಿಂದಲೂ ಅದನ್ನೇ ಹೇಳಿಸಿಕೊಂಡ. ಮಧ್ಯಾಹ್ನದ ತನಕ ಲೈನಿನವರು ಬೇಲಿಯ ಹತ್ತಿರ ಹೆಣ ಇಟ್ಟುಕೊಂಡು ಕೂತರು. ಸಂಘದವರು ಹೋಗಿ ಕೂಗಿದೆವು. ವಾಚರ್ ತಲೆ ತಗ್ಗಿಸಿ ನಿಂತನೇ ಹೊರತು ಬೇಲಿ ಬಿಚ್ಚಲಿಲ್ಲ. ಹೆಣದಿಂದ ವಾಸನೆ ಬರತೊಡಗಿತು. ಕೊನೆಗೆ ರಸ್ತೆಬದಿಯ ತೋಡಿನ ದಡದಲ್ಲಿ ಗುಂಡಿ ತೋಡಿದೆವು. ಅಡಿಯಲ್ಲಿ ನೀರು ಒಸರುತ್ತಿತ್ತು. ಆ ನೀರಲ್ಲೇ ಇಳಿಸಿದೆವು.

ಸೂತಕ ಕಳೆದ ಮೇಲೆ ಕೆಂಚ ಹೋಗಿ ಆ ಎರಡು ಗಂಟು ಕೊರೆದ. ಬೇಡವೆಂದು ನಾವೆಲ್ಲ ಬೈದೆವು. "ಅವ್ವನಿಗಂತೂ ಆಗಲಿಲ್ಲ. ಪಕ್ಕದ ಮನೆಯ ಬೊಳ್ಳಮ್ಮಕ್ಕನಿಗಾದರೂ ಆಗ್ತದೆ" ಎಂದ. ಕೆಲಸ ಮುಗಿಸಿ ಗೇಟು ಕೇಳಿದರೆ ಸಾವ್ಕಾರ್ ಹೇಳಿದ್ದು: "ಈಗೆಂಥ ಗೇಟು? ನಿನ್ನ ಅವ್ವಂದು ಮಣ್ಣು ಆಯ್ತಲ್ಲ."

ಕಕ್ಕಡ ತಿಂಗಳ ಜಡಿಮಳೆಗೆ ತೋಡು ಉಕ್ಕಿ ದಡವನ್ನು ಎಳೆದುಕೊಂಡು ಹೋಯಿತು. ಕಾಳಿ ಎಲ್ಲಿದ್ದಾಳೆಂದು ಇವತ್ತು ಯಾರಿಗೂ ಗೊತ್ತಿಲ್ಲ. ಕೆಂಚ ಕುಡಿಯುವುದನ್ನೂ ಬಿಟ್ಟಿದ್ದಾನೆ, ಮಾತಾಡುವುದನ್ನೂ ಬಿಟ್ಟಿದ್ದಾನೆ. ಪಕ್ಕದ ಮನೆಯಲ್ಲಿ ಬೊಳ್ಳಮ್ಮ ಎದ್ದು ಕೂರಲಾರದೆ ಮಲಗಿದ್ದಾಳೆ. ಈ ಮಳೆಗಾಲ ಕಳೆಯುವುದು ಕಷ್ಟ.

ರಜೆಗೆ ಕೊಡಗಿಗೆ ಬರುವವರೇ, ನಿಮಗೇ ಹೇಳುತ್ತಿರುವುದು. ಬಾಳೆಲೆ ಕಡೆಯ ಯಾವ ತೋಟದಲ್ಲಿ ರೂಮು ಹಿಡಿಯುವ ಮೊದಲೂ ತೋಟದವರಿಗೆ ಫೋನ್ ಮಾಡಿ, ನಿಮ್ಮ ಲೈನಿನವರನ್ನು ಎಲ್ಲಿ ಹೂಳುತ್ತೀರಿ ಎಂದು ಕೇಳಿ. ಜಾಗ ತೋರಿಸದಿದ್ದರೆ ಬರುವುದಿಲ್ಲವೆಂದು ಅವರಿಗೆ ಕೇಳುವ ಹಾಗೆ ಹೇಳಿ. ಬೊಳ್ಳಮ್ಮ ಬದುಕಿರುವಾಗಲೇ ಹೇಳಿ.